ಮದಾಮ್ ಚಿತ್ರ ಮದಾಮ್ ಕೋಣೆ ಸೇರಲು ಹಿಡಿದ ಹತ್ತು ತಿಂಗಳು

ಮಾರ್ಚ್‌ನ ಒಂದು ಶನಿವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ದಡಬಡ ಸದ್ದು ಕೇಳಿ ಕೆಳಗಿಳಿದೆ. ಮದಾಮ್ ಮನೆ ಖಾಲಿ ಆಗುತ್ತಿತ್ತು.

ನಾವಿರುವುದು ಬೆಲ್ಜಿಯಂ ರಾಜಧಾನಿ ಬ್ರಸೆಲ್ಸ್‌ನ ಸ್ಖಾರ್‌ಬೇಕ್ ಎಂಬಲ್ಲಿ. ಏಳು ವರ್ಷದಿಂದ ಅದೇ ಬಾಡಿಗೆ ಮನೆ. ಮೇಲೆ ನಾವು, ಕೆಳಗೆ ಓನರ್. ಓನರ್ ಅಂದರೆ 87 ವರ್ಷದ ಅಜ್ಜಿ. ಮೊದಲ ದಿನದಿಂದಲೂ 'ಮದಾಮ್' ಅಂತಲೇ ಕರೆದು ರೂಢಿ. ಮಗಳು ಹುಟ್ಟಿದಾಗ ಬಾಣಂತನಕ್ಕೆ ತಿಪಟೂರಿನಿಂದ ಅಮ್ಮ ಬಂದಿದ್ದರು. ಅಮ್ಮನಿಗೆ ಫ್ರೆಂಚ್ ಬಾರದು, ಮದಾಮ್‌ಗೆ ಕನ್ನಡ ಬಾರದು. ಆದರೂ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಕೂತು ಬಟಾಣಿ ಸುಲಿಯುತ್ತಿದ್ದರು. ಎರಡು ವರ್ಷದಿಂದ ಮದಾಮ್‌ಗೆ ಮರೆವು ಹೆಚ್ಚಾಗುತ್ತಾ ಬಂತು. ಜನವರಿಯಲ್ಲಿ ವೃದ್ಧಾಶ್ರಮಕ್ಕೆ ಸೇರಿಸಿದರು.

ಆವತ್ತು ಅವರ ತಂಗಿಯ ಮಗ ಇಬ್ಬರು ಆಳುಗಳನ್ನು ಕರೆತಂದು ಸಾಮಾನು ಹೊರಗೆ ಹಾಕಿಸುತ್ತಿದ್ದರು. ಬಾಗಿಲ ಹೊರಗೆ ಹಾಸಿಗೆ, ಮುರಿದ ಕುರ್ಚಿ, ಇಸ್ತ್ರಿ ಮೇಜು. ಅವುಗಳ ಹಿಂದೆ ಗೋಡೆಗೆ ಒರಗಿಸಿದ ಒಂದು ಹಲಗೆ. ಎಳೆದು ನೋಡಿದೆ. ಮರದ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದ ಹಾಲುಬಿಳಿ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಬೆನ್ನು ತಿರುಗಿಸಿ ಕೂತ ಒಬ್ಬ ಹೆಂಗಸು. ಕಡುನೀಲಿ ಕೂದಲು. ಅವಳ ಮುಖ ಎದುರಿನ ಚೌಕದೊಳಗೆ ಕಾಣುತ್ತದೆ, ತುಟಿ ಕಿತ್ತಳೆ ಬಣ್ಣ. ಚೌಕದ ಸುತ್ತ ಹತ್ತು ಗುಂಡು ಚುಕ್ಕೆ. ಒಂಬತ್ತು ಅಚ್ಚ ಹಳದಿ, ಒಂದು ಮಾತ್ರ ಬೂದು. ಧೂಳು ಮೆತ್ತಿಕೊಂಡಿದ್ದರೂ ಆ ಬಣ್ಣಗಳು ಬೀದಿಯ ಆಚೆ ಬದಿಗೂ ಕಾಣುವ ಹಾಗಿದ್ದವು.

"ಇದೂ ಹೋಗುತ್ತಾ?" ಅಂದೆ. "ಬೇಕಾದರೆ ಇಟ್ಟುಕೊಳ್ಳಿ" ಅಂದರು. ಎತ್ತಿಕೊಂಡು ಮೇಲೆ ಬಂದೆ. ಅಷ್ಟೇ ನಡೆದದ್ದು. ಬರಹದಲ್ಲಿ ಏನೂ ಇಲ್ಲ. ಮುಂದೆ ಎಲ್ಲ ತೊಡಕೂ ಶುರುವಾದದ್ದು ಈ ಒಂದು ಮಾತಿನಿಂದಲೇ. ಯಾರಾದರೂ ಹೀಗೆ ಏನಾದರೂ ಕೊಟ್ಟರೆ ಮೊದಲು ಕೇಳಬೇಕಾದ್ದು "ಇದು ಕೊಡುವುದಕ್ಕೆ ನಿಮ್ಮದಾ?" ಅಂತ. ನನಗೆ ಆವತ್ತು ಅದು ಹೊಳೆಯಲಿಲ್ಲ.

ಮೇಲೆ ತಂದು ಅಳೆದೆ. 92 ಸೆಂಟಿಮೀಟರ್ ಎತ್ತರ, 65 ಅಗಲ. ಹಿಂದೆ ತಿರುಗಿಸಿದರೆ ಚೌಕಟ್ಟಿನ ಮೇಲೆ ಕಪ್ಪು ಬಣ್ಣದಲ್ಲಿ ಇಂಗ್ಲಿಷ್‌ನ ಒಂದು 'ಎ' ಅಕ್ಷರ, ಪಕ್ಕದಲ್ಲಿ 68. ಆ 'ಎ'ಯ ಅಡ್ಡಗೀಟು ಎರಡೂ ಕಡೆ ಉದ್ದಕ್ಕೆ ಚಾಚಿತ್ತು. ಅದರ ಕೆಳಗೆ ಹರಿದ ಅಂಗಡಿ ಚೀಟಿಯ ಒಂದು ಚೂರು.

ರಾತ್ರಿ ಮಗಳು ಮಲಗಿದ ಮೇಲೆ ಫೋನಿನಲ್ಲಿ ಹುಡುಕಲು ಕೂತೆ. ಬೆಲ್ಜಿಯಂ, ಪಾಪ್ ಆರ್ಟ್, ಪ್ಲಾಸ್ಟಿಕ್, 1968. (ಪಾಪ್ ಆರ್ಟ್ ಅಂದರೆ ಜಾಹೀರಾತು, ಸಿನಿಮಾ, ದಿನಬಳಕೆ ವಸ್ತುಗಳನ್ನೇ ಗಾಢ ಬಣ್ಣದಲ್ಲಿ ಚಿತ್ರವಾಗಿಸಿದ 50-60ರ ದಶಕದ ಕಲೆ.) ಮೊದಲು ಸಿಕ್ಕ ಹೆಸರೇ ಎವ್ಲಿನ್ ಆಕ್ಸೆಲ್. ಓದುತ್ತಾ ಓದುತ್ತಾ ನಿದ್ದೆ ಹಾರಿಹೋಯಿತು.

ಆಕ್ಸೆಲ್ ಹುಟ್ಟಿದ್ದು 1935ರಲ್ಲಿ, ನಾಮೂರ್ ಪಟ್ಟಣದಲ್ಲಿ. (ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ "ಯಾವ್ದೇ, ನಮ್ಮೂರಾ?" ಅಂದರು.) ಮೊದಲು ನಟಿ. ನಾಟಕ, ಟಿವಿ, ಸಿನಿಮಾ ಎಲ್ಲದರಲ್ಲೂ ಇದ್ದವರು. ಗಂಡ ಜಾಂ ಆಂತ್ವಾನ್ ಚಿತ್ರ ನಿರ್ದೇಶಕ. 1964ರ ಹೊತ್ತಿಗೆ ಆಂತ್ವಾನ್ ಲಂಡನ್ನಿನ ಪಾಪ್ ಕಲಾವಿದರ ಬಗ್ಗೆ ಡಾಕ್ಯುಮೆಂಟರಿ ಮಾಡುವಾಗ ಆಕ್ಸೆಲ್ ಅಲ್ಲಿನ ಚಿತ್ರಗಳನ್ನು ಕಣ್ಣಾರೆ ಕಂಡರು. ನಟನೆ ಬಿಟ್ಟು ಕುಂಚ ಹಿಡಿದರು. ಎಣ್ಣೆಬಣ್ಣ ಹೇಳಿಕೊಟ್ಟದ್ದು ಬೆಲ್ಜಿಯಂನ ಹೆಸರಾಂತ ಚಿತ್ರಕಾರ ಸಾಕ್ಷಾತ್ ರೆನೆ ಮಾಗ್ರಿತ್. ಆಮೇಲೆ ಕ್ಯಾನ್ವಾಸ್ ಕೂಡ ಬಿಟ್ಟು ಪ್ಲಾಸ್ಟಿಕ್‌ಗೆ ಬಂದರು. ಮೊದಲು ಕ್ಲಾರ್‌ಟೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆ, ಅದು ಸಿಗದಂತಾದ ಮೇಲೆ ಪ್ಲೆಕ್ಸಿಗ್ಲಾಸ್, ಅಂದರೆ ಗಾಜಿನಂಥ ಗಟ್ಟಿ ಪ್ಲಾಸ್ಟಿಕ್. ಹಾಳೆಯನ್ನು ಆಕಾರಕ್ಕೆ ಕತ್ತರಿಸಿ, ಹೊಳೆಯುವ ಎನಾಮೆಲ್ ಬಣ್ಣ ಬಳಿಯುತ್ತಿದ್ದರು. 1966ರ ಒಂದು ಚಿತ್ರಕ್ಕೆ 'ವ್ಯಾಲೆಂಟೈನ್' ಅಂತ ಹೆಸರು. ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ವಲೆಂಟಿನಾ ತೆರೆಶ್ಕೋವಾ ಅವರ ನೆನಪಿಗೆ ಮಾಡಿದ್ದು. ಅದರಲ್ಲಿ ನಿಜವಾದ ಜಿಪ್ ಇದೆ, ಹೆಲ್ಮೆಟ್ ಇದೆ! ಹೆಣ್ಣೆಂದು ಕಡೆಗಣಿಸಬಾರದು ಅಂತ ಎವ್ಲಿನ್ ಅನ್ನುವುದನ್ನೇ ಬಿಟ್ಟು ಬರೀ 'ಆಕ್ಸೆಲ್' ಅಂತ ಸಹಿ ಹಾಕುತ್ತಿದ್ದರು. 1969ರಲ್ಲಿ ಬೆಲ್ಜಿಯಂನ ಯುವ ಕಲಾವಿದರಿಗೆ ಕೊಡುವ ದೊಡ್ಡ ಬಹುಮಾನ ಬಂತು. 1972ರ ಸೆಪ್ಟೆಂಬರ್‌ನಲ್ಲಿ ಗೆಂಟ್ ನಗರದ ಹತ್ತಿರ ಕಾರು ಅಪಘಾತದಲ್ಲಿ ತೀರಿಹೋದರು. 37 ವರ್ಷ. ಆಮೇಲೆ ಎಷ್ಟೋ ವರ್ಷ ಅವರನ್ನು ಕೇಳುವವರೇ ಕಮ್ಮಿ. 2015ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಮ್ಯೂಸಿಯಂನಲ್ಲಿ ಜಗತ್ತಿನ ಪಾಪ್ ಕಲೆಯ ದೊಡ್ಡ ಪ್ರದರ್ಶನ ನಡೆದಾಗ ಆಕ್ಸೆಲ್ ಕೂಡ ಅಲ್ಲಿದ್ದರು.

ಪ್ಲಾಸ್ಟಿಕ್ ಹಾಳೆ, 'ಎ' ಅಕ್ಷರ, 68. ನನ್ನ ಎದೆ ಹೊಡೆದುಕೊಳ್ಳತೊಡಗಿತು. ನಮ್ಮವರನ್ನು ಎಬ್ಬಿಸಿದೆ. "ಬೆಳಿಗ್ಗೆ ನೋಡೋಣ ಮಲ್ಕೋ" ಅಂದರು. ಬೆಳಿಗ್ಗೆ ಎದ್ದು ನನಗಿಂತ ಮೊದಲು ಅದರ ಮುಂದೆ ನಿಂತಿದ್ದವರು ಅವರೇ.

ಮೊದಲ ಆಸೆ ಧೂಳು ಒರೆಸುವುದು. ಗಾಜು ಒರೆಸುವ ಸ್ಪ್ರೇ ಕೈಯಲ್ಲಿತ್ತು. ಯಾಕೋ ಕೈ ತಡೆಯಿತು. ಎರಡು ತಿಂಗಳಾದ ಮೇಲೆ ಗೊತ್ತಾಯಿತು, ಪ್ಲೆಕ್ಸಿಗ್ಲಾಸ್‌ಗೆ ಸ್ಪ್ರೇ, ಸ್ಪಿರಿಟ್ ತಾಗಿದರೆ ಮೈತುಂಬ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಮತ್ತೆ ಸರಿಮಾಡಲು ಆಗುವುದಿಲ್ಲ. ಒಣಬಟ್ಟೆಯಲ್ಲಿ ಉಜ್ಜಿದರೂ ಗೀರು ಬೀಳುತ್ತದೆ, ಜೊತೆಗೆ ಸ್ಥಿರ ವಿದ್ಯುತ್ ಹುಟ್ಟಿ ಇನ್ನಷ್ಟು ಧೂಳು ಎಳೆದುಕೊಳ್ಳುತ್ತದೆ. ಹಳೆಯ ಚಿತ್ರ ಸಿಕ್ಕರೆ ನೆಟ್ಟಗೆ ನಿಲ್ಲಿಸಿ. ಬಿಸಿಲು, ಹೀಟರ್ ಹತ್ತಿರ ಬೇಡ. ಬೇರೆ ಏನೂ ಮಾಡಬೇಡಿ.

ಒಂದು ಹರಾಜು ಸಂಸ್ಥೆಗೆ ಬರೆದೆ. ಅವರ ಫಾರಂನಲ್ಲಿ ಮೂರು ಫೋಟೋ ಕೇಳಿದ್ದರು, ನಾನು ಮೂರೇ ಕಳಿಸಿದೆ. ಮೂರು ವಾರ ಬಿಟ್ಟು "ಇನ್ನಷ್ಟು ಫೋಟೋ ಕಳಿಸಿ" ಅಂತ ಉತ್ತರ. ಮತ್ತೆ ಸರದಿ, ಮತ್ತೆ ಎರಡು ವಾರ. ನೀವು ಮೊದಲೇ ಕಳಿಸಿಬಿಡಿ: ಮುಂದೆ, ಹಿಂದೆ, ನಾಲ್ಕು ಮೂಲೆ, ಸಹಿ, ಸ್ಕ್ರೂ, ಹಿಂದಿನ ಚೀಟಿ, ಪಕ್ಕದಿಂದ ಟಾರ್ಚ್ ಬಿಟ್ಟು ಒಂದು, ಟೇಪು ಇಟ್ಟು ಒಂದು. ಕೊನೆಗೆ ಬಂದ ಉತ್ತರ ಎರಡೇ ಸಾಲು. ಯಾರು ಬರೆದದ್ದು ಅಂತ ಹೇಳಲಾಗದು. ಬಣ್ಣ ಉದುರಿದ ಹಾನಿ ಇದೆ. ಅಲಂಕಾರದ ವಸ್ತುವಾಗಿ 300ರಿಂದ 500 ಯೂರೋ.

ಈ ನಡುವೆ ನಾನೊಂದು ಕೆಲಸ ಮಾಡಿದ್ದೆ. ಮದಾಮ್ ತಂಗಿಯ ಮಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮುಚ್ಚಿಟ್ಟುಕೊಳ್ಳಲು ಮನಸ್ಸು ಬರಲಿಲ್ಲ. ಆಕ್ಸೆಲ್ ಹೆಸರು ಕೇಳಿದ್ದೇ ತಡ, ಮಾತಿನ ಧಾಟಿ ಬದಲಾಯಿತು. "ನಾನು ಕೊಟ್ಟಿಲ್ಲ, ಸುಮ್ಮನೆ ಇಟ್ಟಿರಿ ಅಂದಿದ್ದು" ಅಂದರು. ಮರುದಿನದಿಂದ ಮೆಸೇಜ್ ಮೇಲೆ ಮೆಸೇಜ್. ಒಂದು ದಿನ ಮನೆ ಬಾಗಿಲಿಗೇ ಬಂದರು. ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು. ಕಸದ ಗಾಡಿಗೆ ಹೋಗುತ್ತಿದ್ದದ್ದನ್ನು ಉಳಿಸಿದ ನನ್ನನ್ನೇ ಕಳ್ಳಿಯ ಹಾಗೆ ಮಾತಾಡಿಸಿದರಲ್ಲ ಅಂತ ಆವತ್ತು ತುಂಬ ಅತ್ತೆ. "ಚಿತ್ರ ಯಾರದು ಅಂತ ತಿಳಿಯುವವರೆಗೆ ಇಲ್ಲೇ ಇರುತ್ತದೆ, ಯಾರೂ ಮಾರುವುದಿಲ್ಲ" ಅಂತ ಇಬ್ಬರೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದೆವು. ಆ ಒಂದು ಹಾಳೆ ನಮ್ಮನ್ನು ಎಷ್ಟು ಕಾಪಾಡಿತು ಅಂತ ಹೇಳಿ ಮುಗಿಯದು.

ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಕಲಾಕೃತಿಗಳನ್ನು ಕಾಪಾಡುವ ಒಬ್ಬ ತಜ್ಞೆಯ ಹತ್ತಿರ ಒಯ್ದೆವು. ಸ್ಥಿತಿ ವರದಿಗೆ 190 ಯೂರೋ. ದುಬಾರಿ ಅನ್ನಿಸಿತು, ಆದರೆ ಆ ಎರಡು ಗಂಟೆ ನಾನು ಮರೆಯುವುದಿಲ್ಲ. ಕೋಣೆ ಕತ್ತಲು ಮಾಡಿ ನೇರಳಾತೀತ (ಯುವಿ) ದೀಪ ಹಿಡಿದರು. ಹಾಲುಬಿಳಿ ಹಾಳೆ ಮಸುಕಾಗಿ ಹೊಳೆಯಿತು. ಹೆಂಗಸಿನ ಕುತ್ತಿಗೆಯ ಬಳಿ ಮೊದಲು ಎಳೆದು ಒರೆಸಿದ್ದ ಇನ್ನೊಂದು ಗೆರೆಯ ಗುರುತು ಕಂಡಿತು. ಮೊದಲು ಕುತ್ತಿಗೆ ಎಡಕ್ಕೆ ವಾಲಿತ್ತು, ಬರೆದವರು ಆಮೇಲೆ ನೆಟ್ಟಗೆ ಮಾಡಿದ್ದಾರೆ. "ಅಚ್ಚು ಹಾಕಿದ್ದಲ್ಲ, ನಕಲೂ ಅಲ್ಲ. ಬರೆಯುತ್ತಾ ಯೋಚನೆ ಮಾಡಿದ ಕೈ ಇದು" ಅಂದರು. ತುಕ್ಕು ಹಿಡಿದ ಸ್ಕ್ರೂಗಳು ಆ ಕಾಲದವೇ ಇರಬಹುದು ಅಂದರು. ಬೂದು ಚುಕ್ಕೆಯನ್ನು ಮಾತ್ರ 'ಹಳದಿ ಉದುರಿರಬಹುದು' ಅಂತ ಬರೆದುಕೊಂಡರು. ಮತ್ತೆ ಹಳದಿ ತುಂಬಲು ಇನ್ನೂ 120 ಯೂರೋ. ದುಡ್ಡಿಲ್ಲ ಅಂತ ಆಗ ಬೇಡವೆಂದೆ.

ಆಕ್ಸೆಲ್ ಕೃತಿಗಳನ್ನು ಚೆನ್ನಾಗಿ ಬಲ್ಲ ಒಬ್ಬ ಕಲಾ ಇತಿಹಾಸಕಾರರಿಗೆ ವರದಿ ಕಳಿಸಿದೆ. ಉತ್ತರಕ್ಕೆ ಏಳು ವಾರ. ನಡುವೆ ಬೇಸಿಗೆ ರಜೆ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಯಾರಿಂದಲೂ ಉತ್ತರ ನಿರೀಕ್ಷಿಸಬೇಡಿ, ಇಡೀ ಊರೇ ರಜೆಯಲ್ಲಿರುತ್ತದೆ. ಕೊನೆಗೆ ಬಂದದ್ದು ಒಂದು ಪುಟದ ಪತ್ರ. ಇದು ಆಕ್ಸೆಲ್ ಅಲ್ಲ. ಅವರು ಹಾಳೆಯನ್ನು ಕತ್ತರಿಸಿ ಜೋಡಿಸುತ್ತಿದ್ದರು, ಇಲ್ಲಿ ಒಂದೇ ಹಾಳೆ, ಕುಂಚದ ಗುರುತು ಕಾಣುತ್ತದೆ. ಅವರ ಸಹಿ 'ಆಕ್ಸೆಲ್' ಅಂತ ಪೂರ್ತಿ ಇರುತ್ತದೆ, ಬರೀ 'ಎ' ಅಲ್ಲ. ಕೊನೆಯಲ್ಲಿ ಒಂದು ಮಾತು: "ಆದರೆ ಇದನ್ನು ಬರೆದವರಿಗೆ ಬರೆಯಲು ಬರುತ್ತಿತ್ತು. ಅವರು ಯಾರು ಅಂತ ಹುಡುಕಿ."

ಆವತ್ತು ಬೇಜಾರಾಯಿತು, ನಿಜ. ತಂಗಿಯ ಮಗನಿಗೆ ತಿಳಿಸಿದೆ. "ಹಾಗಾದರೆ ನೀವೇ ಇಟ್ಟುಕೊಳ್ಳಿ" ಅಂತ ಒಂದು ಸಾಲು ಬಂತು, ಆಮೇಲೆ ಸದ್ದೇ ಇಲ್ಲ.

ಆರು ತಿಂಗಳು ನಾನು ಮಾಡಿದ ದೊಡ್ಡ ತಪ್ಪು ಇದೇ. ಊರಿನವರನ್ನೆಲ್ಲ ಕೇಳಿದೆ, ಮದಾಮ್ ಅವರನ್ನು ಮಾತ್ರ ಕೇಳಲಿಲ್ಲ. ಅವರಿಗೆ ನೆನಪಿಲ್ಲ ಅಂತ ನಾನೇ ತೀರ್ಮಾನ ಮಾಡಿದ್ದೆ. ನೋಡಲು ಹೋದಾಗಲೆಲ್ಲ ಹಣ್ಣು ಕೊಟ್ಟು, ಕೈ ಹಿಡಿದು ಕೂತು ಬರುತ್ತಿದ್ದೆ, ಅಷ್ಟೇ. ಸೆಪ್ಟೆಂಬರ್‌ನಲ್ಲಿ ಚಿತ್ರದ ದೊಡ್ಡ ಫೋಟೋ ಪ್ರಿಂಟ್ ಹಾಕಿಸಿಕೊಂಡು ಹೋದೆ. ಫೋನಿನ ಪರದೆ ಅವರಿಗೆ ಕಾಣುವುದಿಲ್ಲ, ಕಾಗದ ಕೈಯಲ್ಲಿ ಹಿಡಿಯಲು ಬರುತ್ತದೆ. 22 ಯೂರೋ ಆಯಿತು.

ಮದಾಮ್ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡರು. ತುಂಬ ಹೊತ್ತು ಮಾತಿಲ್ಲ. ಉಗುರಿನ ತುದಿಯಿಂದ ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟುತ್ತಾ ಬಂದರು. ಬೂದು ಚುಕ್ಕೆಯ ಮೇಲೆ ಬೆರಳು ನಿಂತಿತು. "ಇದನ್ನು ಅವರು ಯಾವತ್ತೂ ಬದಲಾಯಿಸಲೇ ಇಲ್ಲ" ಅಂದರು. "ಏನನ್ನು ಮದಾಮ್?" ಅಂದೆ. "ಬಲ್ಬು" ಅಂದರು, ನನಗೆ ಅಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ.

ಅದು ನಾಟಕದ ಬಣ್ಣದ ಮನೆಯ ಕನ್ನಡಿ! ಸುತ್ತ ಬಲ್ಬುಗಳು. ಹತ್ತರಲ್ಲಿ ಒಂದು ಕೆಟ್ಟಿತ್ತು, ಅದನ್ನು ಕೆಟ್ಟ ಹಾಗೇ ಬರೆದಿದ್ದಾರೆ. ಹರಾಜಿನವರು, ನಾನು, ತಜ್ಞೆ ಎಲ್ಲರೂ ಅದನ್ನು ಹಾನಿ ಅಂದುಕೊಂಡಿದ್ದೆವು. 120 ಯೂರೋ ಕೊಟ್ಟು ಅದಕ್ಕೆ ಹಳದಿ ಬಳಿಸಿಬಿಡುತ್ತಿದ್ದೆ. ಆಮೇಲೆ ತಜ್ಞೆಗೆ ಫೋನ್ ಮಾಡಿದಾಗ ಅವರು ಖುಷಿಪಟ್ಟು ಆ ಸಾಲು ತೆಗೆದು ಹೊಸ ವರದಿ ಕಳಿಸಿದರು, ದುಡ್ಡು ತಗೊಳ್ಳಲಿಲ್ಲ. ಹಳೆಯ ಚಿತ್ರದಲ್ಲಿ ಏನೋ ಬಿಟ್ಟುಹೋಗಿದೆ ಅನ್ನಿಸಿದರೆ ತುಂಬಿಸಲು ಅವಸರ ಮಾಡಬೇಡಿ.

ಮದಾಮ್ ನಾಟಕದಲ್ಲಿದ್ದರು ಅಂತ ನಮಗೆ ಯಾರೂ ಹೇಳಿರಲಿಲ್ಲ. ಏಳು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದಿದ್ದೆವು.

ಅಲ್ಲಿವರೆಗೆ ನಾನು ಕಲೆಯ ಕಡೆಯಿಂದ ಹುಡುಕುತ್ತಿದ್ದೆ. ಈಗ ನಾಟಕದ ಕಡೆಯಿಂದ ಶುರುಮಾಡಿದೆ. ಬ್ರಸೆಲ್ಸ್‌ನ ರಾಯಲ್ ಲೈಬ್ರರಿ ಕಟ್ಟಡದಲ್ಲೇ ಸಾಹಿತ್ಯ ಮತ್ತು ನಾಟಕಗಳ ಒಂದು ಸಂಗ್ರಹ ಇದೆ, ಫ್ರೆಂಚ್‌ನಲ್ಲಿ 'ಆರ್ಶೀವ್ ಎ ಮ್ಯೂಸೆ ದ ಲಾ ಲಿತೆರಾತ್ಯೂರ್'. ಬೆಲ್ಜಿಯಂನ ಫ್ರೆಂಚ್ ರಂಗಭೂಮಿಯ ಹಳೆಯ ಕಾರ್ಯಕ್ರಮ ಪತ್ರಿಕೆ, ಫೋಟೋ ಅಲ್ಲಿ ಜೋಪಾನವಾಗಿವೆ. ಹೋಗುವ ಮೊದಲು ಈಮೇಲ್‌ನಲ್ಲಿ ಸಮಯ ಕೇಳಿಕೊಳ್ಳಿ, ಏನು ಬೇಕು ಅಂತ ಬರೆಯಿರಿ. ಪೆನ್ಸಿಲ್ ಒಯ್ಯಿರಿ. ನನ್ನ ಫ್ರೆಂಚ್ ಅಂಗಡಿಯಲ್ಲಿ ಮಾತಾಡುವಷ್ಟೇ. ಆದರೂ ಅಲ್ಲಿನವರು ಎಷ್ಟು ತಾಳ್ಮೆಯಿಂದ ಕೇಳಿಸಿಕೊಂಡರು ಅಂದರೆ, ನಮ್ಮೂರ ಲೈಬ್ರರಿ ಮೇಷ್ಟ್ರು ನೆನಪಾದರು.

ಮೊದಲ ದಿನ ಏನೂ ಸಿಗಲಿಲ್ಲ. ಎರಡನೇ ದಿನವೂ ಇಲ್ಲ. ಯಾಕೆಂದರೆ ನಾನು ಕೊಟ್ಟದ್ದು ಬಾಗಿಲ ಬೆಲ್ ಮೇಲಿದ್ದ ಹೆಸರು. ಅದು ಗಂಡನ ಮನೆ ಹೆಸರಂತೆ. ವೃದ್ಧಾಶ್ರಮದ ನರ್ಸ್ ಒಬ್ಬರು ಮದಾಮ್‌ಗೆ ಕೇಳಿದರು, "ವೇದಿಕೆ ಮೇಲೆ ನಿಮ್ಮನ್ನು ಏನಂತ ಕೂಗುತ್ತಿದ್ದರು?" ತಡಮಾಡದೆ ಹೇಳಿದರಂತೆ. 'ಎ'ಯಿಂದ ಶುರುವಾಗುವ ಹೆಸರು. ಇಲ್ಲಿ ನಾನು ಅದನ್ನು ಬರೆಯುವುದಿಲ್ಲ, ಅದು ಅವರ ಖಾಸಗಿ ವಿಷಯ.

ಮೂರನೇ ಸಲ ಹೋದಾಗ ಮೇಜಿನ ಮೇಲೆ ಒಂದು ತೆಳು ಕಡತ ತಂದಿಟ್ಟರು. 1961ರಿಂದ 1966ರವರೆಗಿನ ನಾಲ್ಕು ಕಾರ್ಯಕ್ರಮ ಪತ್ರಿಕೆ. ಎಲ್ಲವೂ ಸಣ್ಣ ಪಾತ್ರ. ಒಂದರ ಮೇಲೆ ಯಾರಿಗೋ ಹಾಕಿಕೊಟ್ಟ ಹಸ್ತಾಕ್ಷರ. ಆ 'ಎ'ಯ ಅಡ್ಡಗೀಟು ಎರಡೂ ಕಡೆ ಉದ್ದಕ್ಕೆ ಚಾಚಿತ್ತು. ನನ್ನ ಫೋನಿನ ಫೋಟೋ ಪಕ್ಕದಲ್ಲಿಟ್ಟೆ. ಅಲ್ಲಿನವರು ಭೂತಗನ್ನಡಿ ತಂದುಕೊಟ್ಟರು. ಇಬ್ಬರೂ ಬಗ್ಗಿ ನೋಡಿದೆವು. ನನ್ನ ಕಣ್ಣಲ್ಲಿ ನೀರು ತುಂಬಿ ಅಕ್ಷರ ಮಸುಕಾಯಿತು. ಪ್ರತಿಗಳಿಗೆ 14 ಯೂರೋ.

ಆಕ್ಸೆಲ್ ಹಾಗೆ, ನಮ್ಮ ಮದಾಮ್ ಹಾಗೆ, ಲಂಡನ್ನಿನ ಪಾಲಿನ್ ಬೋಟಿ ಕೂಡ ನಟಿಸುತ್ತಿದ್ದರು, ಪಾಪ್ ಚಿತ್ರ ಬರೆಯುತ್ತಿದ್ದರು. 1966ರಲ್ಲಿ 28ನೇ ವಯಸ್ಸಿಗೇ ಕ್ಯಾನ್ಸರ್‌ನಿಂದ ತೀರಿಹೋದ ಮೇಲೆ ಅವರ ಎಷ್ಟೋ ಚಿತ್ರ ಅಣ್ಣನ ತೋಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. 90ರ ದಶಕದಲ್ಲಿ ಒಬ್ಬ ಇತಿಹಾಸಕಾರರು ಹುಡುಕಿಕೊಂಡು ಹೋಗದಿದ್ದರೆ ಅಲ್ಲೇ ಹಾಳಾಗುತ್ತಿದ್ದವೋ ಏನೋ. ಹೆಸರು ಮಾಡಿದವರ ಕಥೆಯೇ ಹೀಗೆ. ಇನ್ನು ಒಂದೆರಡೇ ಚಿತ್ರ ಬರೆದು, ಮದುವೆಯಾಗಿ, ಹೆಸರು ಬದಲಾಗಿ, ಅಡುಗೆಮನೆ ಸೇರಿದವರ ಚಿತ್ರಗಳು ಎಷ್ಟು ಹಾಸಿಗೆಗಳ ಹಿಂದೆ ಹೋದವೋ.

ಇಷ್ಟಾದ ಮೇಲೆ ಚಿತ್ರ ನಮ್ಮನೆಯಲ್ಲಿಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಬರೆದವರು ಬದುಕಿದ್ದಾರೆ, ನಾಲ್ಕು ಕಿಲೋಮೀಟರ್ ದೂರದಲ್ಲಿ ಬರೀ ಗೋಡೆ ನೋಡುತ್ತಾ ಕೂತಿದ್ದಾರೆ. ಆಗಲೇ ನಮ್ಮವರು ಫೈಲ್‌ನಿಂದ ಒಂದು ಪತ್ರ ತೆಗೆದು ತೋರಿಸಿದರು. ಫೆಬ್ರುವರಿಯಲ್ಲೇ ಬಂದದ್ದು, ಬಾಡಿಗೆಯನ್ನು ಇನ್ನು ಮೇಲೆ ಬೇರೆ ಖಾತೆಗೆ ಹಾಕಿ ಅಂತ. ಸಹಿ ಹಾಕಿದ್ದು ಒಬ್ಬ ವಕೀಲರು. ಮರೆವು ಬಂದವರ ಆಸ್ತಿ ನೋಡಿಕೊಳ್ಳಲು ಇಲ್ಲಿನ 'ಜೂಜ್ ದ ಪೇ', ಅಂದರೆ ಬಡಾವಣೆ ಮಟ್ಟದ ನ್ಯಾಯಾಧೀಶರು, ಒಬ್ಬ ಆಡಳಿತಗಾರರನ್ನು ನೇಮಿಸುತ್ತಾರೆ. ಆಡಳಿತಗಾರರು ಕೂಡ ಆ ವ್ಯಕ್ತಿಯ ವಸ್ತು ಮಾರಬೇಕಾದರೆ ನ್ಯಾಯಾಧೀಶರ ಅನುಮತಿ ಬೇಕು. ಹಾಗಿರುವಾಗ ತಂಗಿಯ ಮಗ ಕೊಟ್ಟದ್ದೂ ಲೆಕ್ಕಕ್ಕಿಲ್ಲ, ವಾಪಸ್ ಕೇಳಿದ್ದೂ ಲೆಕ್ಕಕ್ಕಿಲ್ಲ. ಚಿತ್ರ ಮದಾಮ್‌ದೇ. ಮೊದಲ ದಿನವೇ ಆ ಪತ್ರ ಸರಿಯಾಗಿ ಓದಿದ್ದರೆ ಅಷ್ಟು ಕಣ್ಣೀರು ಉಳಿಯುತ್ತಿತ್ತು. ಬ್ಯಾಂಕ್, ಬಾಡಿಗೆ, ಕೋರ್ಟಿನಿಂದ ಬರುವ ಫ್ರೆಂಚ್ ಪತ್ರಗಳನ್ನು ಪೂರ್ತಿ ಓದಿಸಿಕೊಳ್ಳಿ ಅಂತ ಇಲ್ಲಿರುವ ನಮ್ಮವರಿಗೆಲ್ಲ ಕೈಮುಗಿದು ಹೇಳುತ್ತೇನೆ.

ವಕೀಲರಿಗೆ ರಿಜಿಸ್ಟರ್ಡ್ ಪತ್ರ ಬರೆದೆ. ಹೇಗೆ ಸಿಕ್ಕಿತು, ಯಾರು ಏನು ಹೇಳಿದರು, ವರದಿ, ಕಾರ್ಯಕ್ರಮ ಪತ್ರಿಕೆಯ ಪ್ರತಿ ಎಲ್ಲ ಸೇರಿಸಿದೆ. ಒಂದು ತಿಂಗಳು ಸುದ್ದಿಯಿಲ್ಲ. ಎರಡನೇ ಪತ್ರ. ಎರಡಕ್ಕೂ ಸೇರಿ 18 ಯೂರೋ. ಡಿಸೆಂಬರ್‌ನಲ್ಲಿ ಫೋನ್ ಬಂತು. ಬೈಯುತ್ತಾರೇನೋ ಅಂತ ಹೆದರಿದ್ದೆ. ಅವರು ಥ್ಯಾಂಕ್ಸ್ ಹೇಳಿ, ಮದಾಮ್ ಸಾಮಾನಿನ ಪಟ್ಟಿಗೆ ಚಿತ್ರವನ್ನು ಅವರ ರಂಗದ ಹೆಸರಿನಲ್ಲೇ ಸೇರಿಸಿದ್ದೇನೆ ಅಂದರು.

ಕೊನೆಯ ತಡೆ ವೃದ್ಧಾಶ್ರಮದ ಗೋಡೆ. ಪ್ಲಾಸ್ಟಿಕ್ ಅಂದರೆ ಬೆಂಕಿಯ ಭಯ, ಬಿದ್ದರೆ ಪೆಟ್ಟಾಗುವ ಭಯ. ಹೀಟರ್‌ನಿಂದ, ಪ್ಲಗ್‌ನಿಂದ ದೂರ ಇರಬೇಕು, ನಾಲ್ಕೂ ಮೂಲೆ ಗೋಡೆಗೆ ಬಿಗಿಯಬೇಕು, ಹಳೆಯ ಚೌಕಟ್ಟಿಗೆ ಹೊಸ ತೂತು ಕೊರೆಯುವಂತಿಲ್ಲ. ತಜ್ಞೆ ಹೇಳಿದ ಹಾಗೆ ಅಂಚನ್ನು ಮಾತ್ರ ಹಿಡಿಯುವ ಕೊಂಡಿ ತಂದೆವು, 38 ಯೂರೋ. ಪೆಟ್ಟಿಗೆ, ಗಾಡಿ ಸೇರಿ 75. ಓಡಾಟದ ಟಿಕೆಟ್ ಬಿಟ್ಟು ಒಟ್ಟು 357 ಯೂರೋ. ವಕೀಲರು ಅರ್ಧ ಮದಾಮ್ ಖಾತೆಯಿಂದ ಕೊಡುತ್ತೇನೆ ಅಂದರು. ನಾವು ಕೊಂಡಿಯ ದುಡ್ಡು ಮಾತ್ರ ತಗೊಂಡೆವು.

ಕಳೆದ ಗುರುವಾರ ಆಶ್ರಮದ ಮೇಸ್ತ್ರಿ ಬಂದು ಚಿತ್ರ ಕೂರಿಸಿದರು. ನಾವೆಲ್ಲ ನಿಂತು ನೋಡಿ ಚೆನ್ನಾಗಿದೆ ಅಂದೆವು. ಮದಾಮ್ ಗಾಲಿಕುರ್ಚಿಯಲ್ಲಿ ಕೂತು ತಲೆ ಎತ್ತಿ ನೋಡಿದರು, ಕೈಯಿಂದ ಕೆಳಗೆ, ಕೆಳಗೆ ಅಂತ ತೋರಿಸಿದರು. ಕನ್ನಡಿ ಕೂತವರ ಎತ್ತರಕ್ಕೆ ಇರಬೇಕಲ್ವಾ. ಮೇಸ್ತ್ರಿ ಗೊಣಗದೆ ಎಲ್ಲ ಸ್ಕ್ರೂ ಬಿಚ್ಚಿ 30 ಸೆಂಟಿಮೀಟರ್ ಇಳಿಸಿ ಮತ್ತೆ ಬಿಗಿದರು. ಮೇಲಿನ ತೂತುಗಳು ಹಾಗೇ ಇವೆ, ಮುಂದಿನ ವಾರ ಸುಣ್ಣ ಮೆತ್ತಲು ಬರುತ್ತಾರಂತೆ.